ಅಗ್ರಿಮೆಂಟಿನಲ್ಲಿ ನಾಯಿಗೂ ಒಂದು ಹಾಳೆ ಇರಲಿ



ಬಾಡಿಗೆ ಅಗ್ರಿಮೆಂಟ್ ಬಗ್ಗೆ ಹಿಂದೆ ಒಂದು ಎಪಿಸೋಡ್ ಮಾಡಿದ್ದೆ. ಅಡ್ವಾನ್ಸ್ ವಾಪಸ್ ಕೊಡ್ತಿಲ್ಲ, ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಂಡ್ರು, ಇಂಥ ಪ್ರಶ್ನೆಗಳೇ ಬರ್ತವೆ ಅಂದ್ಕೊಂಡಿದ್ದೆ. ಬಂದಿದ್ದು ಬೇರೆ. "ನಾಯಿ ಇದೆ, ಮನೆ ಸಿಗ್ತಿಲ್ಲ." "ನಾಯಿ ಇಲ್ಲ ಅಂತ ಹೇಳಿ ಸೇರ್ಕೊಂಡಿದ್ದೀವಿ, ಈಗ ಓನರ್‌ಗೆ ಗೊತ್ತಾಗಿದೆ, ಏನ್ ಮಾಡೋದು?" ಆ ಕಡೆಯಿಂದಲೂ ಬಂತು: "ನಾನು ಮನೆ ಓನರ್. ಬಾಡಿಗೆಯವರು ಒಂದು ಮಾತೂ ಕೇಳದೆ ನಾಯಿ ತಂದಿದ್ದಾರೆ. ಖಾಲಿ ಮಾಡಿಸಬಹುದಾ?"

ಇಬ್ಬರಿಗೂ ನನ್ನ ಉತ್ತರ ಒಂದೇ. ನಾಯಿ ವಿಷಯ ಬಾಯಿಮಾತಲ್ಲಿ ಇರಬಾರದು, ಬರವಣಿಗೆಯಲ್ಲಿ ಇರಬೇಕು. ಬಾಯಿಮಾತಿನ ಜಗಳದಲ್ಲಿ ಓನರ್ ಸ್ವಲ್ಪ ಕಳ್ಕೋತಾರೆ, ಬಾಡಿಗೆಯವರು ಸ್ವಲ್ಪ ಕಳ್ಕೋತಾರೆ. ಎಲ್ಲಾ ಕಳ್ಕೊಳ್ಳೋದು ನಾಯಿ. ಅದು ಹೇಗೆ ಅಂತ ನಮ್ಮೂರಿಂದಲೇ ಶುರು ಮಾಡ್ತೀನಿ.

ತೋಟಕ್ಕೆ ಬೇಕು, ಮನೆಗೆ ಬೇಡ

ನಮ್ಮೂರು ತಿಪಟೂರು ತಾಲ್ಲೂಕಿನ ಬಿಳಿಗೆರೆ. ಈ ಕಡೆ ನಾಯಿ ಇಲ್ಲದ ತೋಟದ ಮನೆ ಹುಡುಕಿದರೂ ಸಿಗೋದು ಕಷ್ಟ. ಕಾಯಿ ಕೆಡವಿ ರಾಶಿ ಹಾಕಿದಾಗ ಕಾಯೋಕೆ ನಾಯಿ ಬೇಕು. ಬೋರ್‌ವೆಲ್ ಕೇಬಲ್ ಕದಿಯೋಕೆ ಬರೋರನ್ನ ಓಡಿಸೋಕೆ ನಾಯಿ ಬೇಕು. ನಮ್ಮ ದೊಡ್ಡಪ್ಪನ ತೋಟದಲ್ಲಿ ಎರಡಿವೆ. ದೊಡ್ಡಪ್ಪ ಮುದ್ದೆ ಮುರಿಯೋಕೆ ಮುಂಚೆ ಅವಕ್ಕೆ ಹಾಕಿದ್ರಾ ಅಂತ ಕೇಳ್ತಾರೆ.

ಇದೇ ದೊಡ್ಡಪ್ಪನಿಗೆ ತಿಪಟೂರಲ್ಲಿ ನಾಲ್ಕು ಬಾಡಿಗೆ ಮನೆ ಇವೆ. ನಮ್ಮ ಕಡೆ ಇದು ಮಾಮೂಲಿ. ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ವರ್ಷ ಸೈಟು, ಇನ್ನೊಂದು ಒಳ್ಳೆ ವರ್ಷ ಕೆಳಗಿನ ಮನೆ, ಆಮೇಲೆ ಅದರ ಮೇಲೊಂದು. ಬಾಡಿಗೆಗೆ ಬರೋರು ಮೇಷ್ಟ್ರು, ಬ್ಯಾಂಕಿನವರು, ನರ್ಸ್‌ಗಳು, ಕಾಲೇಜಿಗೆ ಬಂದ ಹುಡುಗರು. ಮನೆ ನೋಡೋಕೆ ಬಂದವರಿಗೆ ದೊಡ್ಡಪ್ಪ ಹೇಳೋ ಎರಡನೇ ಮಾತೇ "ನಾಯಿಗೀಯಿ ಇಲ್ಲ ತಾನೆ?"

"ಅಲ್ಲ ದೊಡ್ಡಪ್ಪ, ನಿಮಗೇ ಎರಡಿದ್ಯಲ್ಲ" ಅಂದೆ ಒಂದ್ಸಲ. "ಅದು ತೋಟ ಕಣಪ್ಪ, ಇದು ಮನೆ" ಅಂದರು. ಅವರ ಲೆಕ್ಕದಲ್ಲಿ ಅದು ಸರಿಯಾದ ಉತ್ತರ. ಬಿಡಿಸಿ ಕೇಳಿದಾಗ ಒಂದೊಂದೇ ಹೊರಗೆ ಬಂತು. ಮೆಟ್ಟಿಲ ಮೇಲೆ ಗಲೀಜು ಮಾಡಿದ್ರೆ ತೊಳೆಯೋರು ಯಾರು? ತಾರಸಿ ಮೇಲೆ ಹಪ್ಪಳ, ಮೆಣಸಿನಕಾಯಿ ಒಣಗಿಸಿರ್ತೀವಿ. ಬಾಗಿಲು ಪರಚುತ್ತೆ. ಪಕ್ಕದ ಮನೆ ಮಗುಗೆ ಕಚ್ಚಿದ್ರೆ ನಮ್ಮ ಹತ್ರ ಬರ್ತಾರೆ. ಬಾಡಿಗೆಯವರು ಊರಿಗೆ ಹೋದ್ರೆ ಒಳಗೆ ಕೂಡಿಹಾಕ್ತಾರೆ, ರಾತ್ರಿಯೆಲ್ಲಾ ಬೊಗಳುತ್ತೆ. ಇವೆಲ್ಲ ನಿಜವಾದ ಭಯಗಳು. ತಮಾಷೆ ಮಾಡಿ ತಳ್ಳಿಹಾಕೋ ಹಂಗಿಲ್ಲ.

ಆದರೆ ಎಲ್ಲಾ 'ನಾಯಿ ಬೇಡ'ವೂ ನಾಯಿ ಬಗ್ಗೆ ಇರಲ್ಲ, ಇದನ್ನೂ ಹೇಳಬೇಕು. "ನಾಯಿಗೆ ಏನು ಹಾಕ್ತೀರಾ? ಮಾಂಸ ಬೇಯಿಸ್ತೀರಾ?" ಅಂತ ಕೇಳೋ ಓನರ್‌ಗಳಿದ್ದಾರೆ. ಆ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಗೊತ್ತು. 'ನೀವು ಯಾವ ಜನ' ಅಂತ ನೇರವಾಗಿ ಕೇಳೋಕೆ ಮುಜುಗರ ಇರೋರಿಗೆ ನಾಯಿ ಒಂದು ನೆಪ ಆಗುತ್ತೆ. ಮಡಿ, ದೇವರ ಮನೆ, ತುಳಸಿಕಟ್ಟೆ ಅಂತ ಶುರುವಾದ ಮಾತು ಅಡುಗೆಮನೆವರೆಗೂ ಬರುತ್ತೆ. ಅಂಥ ಕಡೆ ಯಾವ ಪೆಟ್ ಅಗ್ರಿಮೆಂಟೂ ಕೆಲಸ ಮಾಡಲ್ಲ. ನಾನು ಇವತ್ತು ಮಾತಾಡ್ತಿರೋದು ಮೊದಲನೇ ಥರದವರ ಬಗ್ಗೆ, ಅಂದ್ರೆ ಬಾಗಿಲು, ಮೆಟ್ಟಿಲು, ಕಚ್ಚೋದು, ಬೊಗಳೋದು ಅಂತ ನಿಜವಾಗಿ ಯೋಚನೆ ಇರೋರ ಬಗ್ಗೆ. ಅಂಥವರೂ ಬೇಕಾದಷ್ಟು ಜನ ಇದ್ದಾರೆ.

"ತೋಟದಲ್ಲಿ ಬಿಟ್ರೆ ಆರಾಮಾಗಿರುತ್ತೆ"

ಮುಚ್ಚಿಟ್ಟು ಸಾಕಿದ್ರೆ ಏನಾಗುತ್ತೆ ಅನ್ನೋದಕ್ಕೆ ನಾನೇ ನೋಡಿದ್ದು ಹೇಳ್ತೀನಿ. ನಮ್ಮ ತೋಟದ ಹತ್ತಿರದ ರಸ್ತೆಯಲ್ಲಿ ಒಂದು ಬಿಳಿ ನಾಯಿ ಕಾಣಿಸ್ತು. ಉದ್ದ ಕೂದಲು, ಕತ್ತಿನ ಸುತ್ತ ಬೆಲ್ಟ್ ಕಟ್ಟಿದ್ದ ಗುರುತು. ಯಾವ ಬೈಕ್ ಬಂದರೂ ಎದ್ದು ನಿಲ್ಲೋದು, ಬೈಕ್ ಹೋದ್ಮೇಲೆ ಮತ್ತೆ ಅಲ್ಲೇ ಕೂರೋದು. ಮೂರು ದಿನ ಜಾಗ ಬಿಟ್ಟು ಕದಲಲಿಲ್ಲ. ನಾಲ್ಕನೇ ದಿನ ಹಸಿವು ತಾಳದೆ ತೋಟದ ಮನೆ ಹತ್ರ ಬಂತು. ನಮ್ಮ ಎರಡು ನಾಯಿಗಳು ಅದರ ಮೇಲೆ ಬಿದ್ದವು. ತೋಟದ ನಾಯಿಗೆ ಹೊಸ ನಾಯಿ ಅಂದ್ರೆ ಕಳ್ಳ ಇದ್ದ ಹಾಗೇ.

ಬಿಡಿಸಿ, ತಿಪಟೂರಿನ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ ಗಾಯಕ್ಕೆ ಔಷಧಿ ಹಾಕಿಸಿದ್ವಿ. ವಾಟ್ಸಾಪ್ ಗ್ರೂಪುಗಳಲ್ಲಿ ಫೋಟೋ ಹಾಕಿದೆ. ಎರಡು ದಿನಕ್ಕೆ ಒಬ್ಬರು ಫೋನ್ ಮಾಡಿದ್ರು. ಬಾಡಿಗೆ ಮನೆಯವರು. ಓನರ್‌ಗೆ ಹೇಳದೆ ನಾಯಿ ಇಟ್ಕೊಂಡಿದ್ರು. ಗೊತ್ತಾದ ದಿನ ದೊಡ್ಡ ಜಗಳ. "ಈ ವಾರದಲ್ಲಿ ನಾಯಿ ಹೋಗ್ಬೇಕು, ಇಲ್ಲ ನೀವು ಹೋಗ್ಬೇಕು" ಅಂತ ಆಯ್ತಂತೆ. ಮಕ್ಕಳ ಸ್ಕೂಲು ನಡೀತಾ ಇತ್ತು, ಮನೆ ಬಿಡೋಕೆ ಆಗಲಿಲ್ಲ. "ತೋಟದ ಕಡೆ ಬಿಟ್ರೆ ಆರಾಮಾಗಿರುತ್ತೆ ಅಂದ್ಕೊಂಡ್ವಿ" ಅಂತ ಹೇಳಿ ಅತ್ತರು. ವಾಪಸ್ ಕರ್ಕೊಂಡು ಹೋಗೋ ಸ್ಥಿತಿಯಲ್ಲಿ ಅವರಿರಲಿಲ್ಲ.

ಈ ಮಾತು ಪೇಟೆಯವರ ಬಾಯಲ್ಲಿ ತುಂಬಾ ಕೇಳಿದ್ದೀನಿ. ದಯವಿಟ್ಟು ಕೇಳಿಸ್ಕೊಳ್ಳಿ. ಸೋಫಾ ಮೇಲೆ ಮಲಗಿ ಬೆಳೆದ ನಾಯಿಗೆ ತೋಟ ಅನ್ನೋದು ರೆಸಾರ್ಟ್ ಅಲ್ಲ. ಅಲ್ಲಿ ಆಗಲೇ ಬೇರೆ ನಾಯಿಗಳ ಗಡಿ ಇದೆ. ರಸ್ತೆಯಲ್ಲಿ ಲಾರಿ ಇದೆ. ತುಮಕೂರು ಜಿಲ್ಲೆಯಲ್ಲಿ ಚಿರತೆ ಸುದ್ದಿ ಹೊಸದಲ್ಲ, ಚಿರತೆಗೆ ಸುಲಭವಾಗಿ ಸಿಗೋದು ನಾಯಿಯೇ. ಊಟ ಅಂದ್ರೆ ತಟ್ಟೆಯಲ್ಲಿ ಬರುತ್ತೆ ಅಂತ ತಿಳ್ಕೊಂಡ ಪ್ರಾಣಿ ಅದು.

ಹೀಗೆ ಬಿಟ್ಟು ಹೋಗೋದು ಅಪರಾಧ ಕೂಡ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ, ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಸಕಾರಣ ಇಲ್ಲದೆ ತೊರೆಯೋದು ಶಿಕ್ಷಾರ್ಹ ಅಂತ ಇದೆ. ಶಿಕ್ಷೆ ಎಷ್ಟು ಗೊತ್ತಾ? ಮೊದಲ ಸಲಕ್ಕೆ 10ರಿಂದ 50 ರೂಪಾಯಿ ದಂಡ. ದಶಕಗಳ ಹಿಂದೆ ಬರೆದ ಮೊತ್ತ. ಇವತ್ತು ಆ 50 ರೂಪಾಯಿಗೆ ಹೋಟ್ಲಲ್ಲಿ ಒಂದು ಮಸಾಲೆದೋಸೆ ಬರೋದೂ ಕಷ್ಟ. ಹಾಗಾಗಿ ಕಾನೂನು ಬಂದು ನಾಯಿನ ಕಾಪಾಡುತ್ತೆ ಅಂತ ಕೂರೋ ಹಾಗಿಲ್ಲ. ಆ ಜಗಳ ಹುಟ್ಟದೇ ಇರೋ ಹಾಗೆ ಮೊದಲೇ ಮಾಡ್ಕೋಬೇಕು.

ವಾಟ್ಸಾಪಲ್ಲಿ ಓಡಾಡೋ ಕಾನೂನು

ಈಗ ಕಾನೂನು ಏನು ಹೇಳುತ್ತೆ ನೋಡೋಣ. ನಾನು ಲಾಯರ್ ಅಲ್ಲ, ಬಿ.ಕಾಂ. ಓದಿದವನು. ಬಿಸಿನೆಸ್ ಲಾ ಪೇಪರಲ್ಲಿ ಪಾಸಾಗೋಕೆ ಓದಿದ ಸೆಕ್ಷನ್‌ಗಳು ಈಗ ಕೆಲಸಕ್ಕೆ ಬರ್ತಿವೆ.

ನಾಯಿ ಸಾಕೋರ ಗ್ರೂಪುಗಳಲ್ಲಿ ಒಂದು ಪಿಡಿಎಫ್ ಓಡಾಡ್ತಾ ಇರುತ್ತೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿ 26ರಂದು ಹೊರಡಿಸಿದ ಮಾರ್ಗಸೂಚಿ. ಬಹುಮತ ಇದ್ದರೂ ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಗಳನ್ನ ನಿಷೇಧ ಮಾಡೋ ಹಾಗಿಲ್ಲ ಅಂತ ಅದರಲ್ಲಿದೆ. 2021ರಲ್ಲಿ ಕೇರಳ ಹೈಕೋರ್ಟ್ ಕೂಡ ಸಾಕುಪ್ರಾಣಿ ಇಟ್ಕೋಬಾರದು ಅನ್ನೋ ನಿವಾಸಿ ಸಂಘಗಳ ನಿಯಮ ಊರ್ಜಿತ ಅಲ್ಲ ಅಂತ ಹೇಳ್ತು. ಇವನ್ನ ಓನರ್‌ಗೆ ಫಾರ್ವರ್ಡ್ ಮಾಡಿ "ನೋಡಿ ಸಾರ್, ನೀವು ಬೇಡ ಅನ್ನೋ ಹಾಗಿಲ್ಲ" ಅಂತಾರೆ.

ಇಲ್ಲೇ ಎಡವೋದು. ಇವೆರಡೂ ಹೇಳ್ತಿರೋದು ಸಂಘದ ಬಗ್ಗೆ. ಮನೆ ಯಜಮಾನ ತನ್ನ ಮನೆಯನ್ನ ಯಾರಿಗೆ, ಯಾವ ಷರತ್ತಿನ ಮೇಲೆ ಕೊಡ್ತಾನೆ ಅನ್ನೋದು ಬೇರೆ ವಿಷಯ. ನಾಯಿ ಇರೋರಿಗೆ ಮನೆ ಕೊಡಲೇಬೇಕು ಅಂತ ಓನರ್‌ಗೆ ಹೇಳೋ ಕಾನೂನು ನಮ್ಮಲ್ಲಿಲ್ಲ. ಬೆಂಗಳೂರಿನ ಫ್ಲ್ಯಾಟಲ್ಲಿ ಬಾಡಿಗೆಗೆ ಇದ್ದೀರಾ ಅಂದ್ಕೊಳ್ಳಿ. ಓನರ್ ಒಪ್ಪಿದ್ದಾರೆ, ಅಪಾರ್ಟ್‌ಮೆಂಟ್ ಸಂಘದವರು ತಕರಾರು ಮಾಡ್ತಿದ್ದಾರೆ ಅಂದ್ರೆ ಆ ಪಿಡಿಎಫ್ ತೋರಿಸಿ. ಓನರ್ರೇ ಒಪ್ಪಿಲ್ಲ ಅಂದ್ರೆ ಅದು ಉಪಯೋಗಕ್ಕೆ ಬರಲ್ಲ.

ಹೊರಗೆ ಹೇಗಿದೆ? ಕೆನಡಾದ ಒಂಟಾರಿಯೊದಲ್ಲಿ ಬಾಡಿಗೆ ಕರಾರಿನಲ್ಲಿ 'ಪ್ರಾಣಿ ಸಾಕಬಾರದು' ಅಂತ ಬರೆದರೂ ಆ ಸಾಲಿಗೆ ಬೆಲೆ ಇಲ್ಲ. ಇಂಗ್ಲೆಂಡ್‌ನಲ್ಲಿ 2025ರಲ್ಲಿ ಬಂದ ಬಾಡಿಗೆದಾರರ ಹಕ್ಕುಗಳ ಕಾಯ್ದೆ ಪ್ರಕಾರ ಬಾಡಿಗೆದಾರ ಬರವಣಿಗೆಯಲ್ಲಿ ಅನುಮತಿ ಕೇಳಬಹುದು, ಓನರ್ ಸರಿಯಾದ ಕಾರಣ ಇಲ್ಲದೆ ಬೇಡ ಅನ್ನೋ ಹಾಗಿಲ್ಲ. ನಮ್ಮಲ್ಲಿ ಅಂಥದ್ದು ಇಲ್ಲದಿರೋದರಿಂದ, ನಮಗಿರೋ ದಾರಿ ಕರಾರು ಒಂದೇ.

ಇನ್ನೊಂದು ತಪ್ಪು ಸುದ್ದಿ: "ರಾಟ್‌ವೀಲರ್ ಬ್ಯಾನ್ ಆಗಿದೆ, ಸಾಕೋ ಹಾಗಿಲ್ಲ." ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು 23 ತಳಿಗಳ ಬಗ್ಗೆ ಸುತ್ತೋಲೆ ಹೊರಡಿಸಿದ್ದು ನಿಜ. ಆದರೆ ಅದೇ ಏಪ್ರಿಲ್ 10ರಂದು ನಮ್ಮ ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡ್ತು. ಹಾಗಂತ ಪುಟ್ಟ ಮಹಡಿ ಮನೆಗೆ ರಾಟ್‌ವೀಲರ್ ತನ್ನಿ ಅಂತ ನಾನು ಹೇಳ್ತಿಲ್ಲ. ಓನರ್ ಬೇಡ ಅನ್ನೋದಾದ್ರೆ ನಿಜವಾದ ಕಾರಣ ಹೇಳಲಿ, ಇಲ್ಲದ ಬ್ಯಾನ್ ಹೆಸರು ಹೇಳೋದು ಬೇಡ.

ಓನರ್‌ಗಳಿಗೂ ಎರಡು ಮಾತು. ಒಂದು, "ನಾಯಿ ಕಂಡ್ರೆ 25,000 ದಂಡ" ಅಂತ ಬರೆಸಿಬಿಟ್ರೆ ಆ ದುಡ್ಡು ಪೂರ್ತಿ ನಿಮ್ಮದಾಗಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರಲ್ಲಿ ಎಷ್ಟೇ ದಂಡ ಬರೆದಿದ್ದರೂ ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ ಅಷ್ಟೇ. ಎರಡು, "ನಾಳೆ ಬೆಳಗ್ಗೆ ಖಾಲಿ ಮಾಡಿ" ಅನ್ನೋಕೆ ಆಗಲ್ಲ. ತಿಂಗಳ ಬಾಡಿಗೆಗೆ, ಕರಾರಲ್ಲಿ ಬೇರೆ ಏನೂ ಇಲ್ಲದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ 15 ದಿನದ ನೋಟಿಸ್ ಕೊಡಬೇಕು.

ಅದೇ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆಯವರೂ ತಿಳ್ಕೊಂಡಿರಬೇಕು. ಮನೆ ಹೇಗಿತ್ತೋ ಹಾಗೆ ವಾಪಸ್ ಕೊಡಬೇಕು, ಸಹಜವಾದ ಸವಕಳಿಗೆ ಮಾತ್ರ ವಿನಾಯಿತಿ. ಗೋಡೆ ಬಣ್ಣ ಮಾಸೋದು ಸಹಜ. ಬಾಗಿಲಿನ ಕೆಳಗಡೆ ಉಗುರಲ್ಲಿ ಕೆರೆದು ಮರ ಕಾಣಿಸ್ತಿದ್ರೆ ಅದು ಸಹಜ ಅಂತ ಯಾರೂ ಒಪ್ಪಲ್ಲ. ಅದರ ಖರ್ಚು ನಿಮ್ಮದೇ.

ಒಂದು ಹಾಳೆಯಲ್ಲಿ ಏನೇನು ಬರೀಬೇಕು

ನಮ್ಮಲ್ಲಿ ಅಗ್ರಿಮೆಂಟ್ ಅಂದ್ರೆ 11 ತಿಂಗಳು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತೆ, ಅದಕ್ಕೇ ಈ 11. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿ ಆಗೋಕೂ ಹೆಚ್ಚುಕಮ್ಮಿ ಅಷ್ಟೇ ಕಾಲ ಬೇಕು. ಅಷ್ಟು ದಿನ ಜೊತೆಗೆ ಬದುಕೋಕೆ ಒಂದು ಹಾಳೆ ಹೆಚ್ಚಿಗೆ ಬರೆಯೋದು ದೊಡ್ಡ ಕೆಲಸ ಅಲ್ಲ. ಅಗ್ರಿಮೆಂಟ್ ಜೊತೆಗೇ ಪಿನ್ ಹೊಡೆದು, ಇಬ್ಬರೂ ಸಹಿ ಹಾಕಿದ ಹಾಳೆ. ಅದರಲ್ಲಿ ಇವಿಷ್ಟು ಇರಲಿ.

ಮೊದಲನೇದು, ಯಾವ ನಾಯಿ. 'ಸಾಕುಪ್ರಾಣಿಗೆ ಅನುಮತಿ ಇದೆ' ಅಂತ ಬರೆದ್ರೆ ಸಾಲದು. ಒಂದು ನಾಯಿ, ಇಂಥ ಜಾತಿ ಅಥವಾ ನಾಟಿ, ಇಂಥ ಬಣ್ಣ, ಇಷ್ಟು ವಯಸ್ಸು, ಜೊತೆಗೆ ಫೋಟೋ. ಎರಡನೇ ನಾಯಿ ತರೋದಾದ್ರೆ ಮತ್ತೆ ಕೇಳಬೇಕು. ಸಂತಾನಹರಣ ಚಿಕಿತ್ಸೆ ಆಗಿದ್ರೆ ಅದನ್ನೂ ಬರೀರಿ, ಮರಿಗಳ ಗಲಾಟೆ ಇಲ್ಲ ಅಂತ ಓನರ್‌ಗೆ ಸಮಾಧಾನ.

ಎರಡನೇದು, ಲಸಿಕೆ. ರೇಬೀಸ್ ಇಂಜೆಕ್ಷನ್ ಹಾಕಿಸಿದ ಕಾರ್ಡಿನ ಜೆರಾಕ್ಸ್ ಕೊಟ್ಟು, ಮುಂದಿನದ್ದು ಯಾವ ತಿಂಗಳು ಅಂತ ಬರೀರಿ. ಓನರ್ ಭಯದಲ್ಲಿ ಅರ್ಧ ಕಡಿಮೆ ಮಾಡೋದು ಈ ಕಾರ್ಡು. ಮಹಡಿ ಮೇಲೆ ನಾಯಿ ಇದೆ ಅನ್ನೋದಕ್ಕೂ, ಇಂಜೆಕ್ಷನ್ ಆಗಿರೋ ನಾಯಿ ಇದೆ ಅನ್ನೋದಕ್ಕೂ ವ್ಯತ್ಯಾಸ ಇದೆ.

ಮೂರನೇದು, ಜಾಗ. ಮೆಟ್ಟಿಲಲ್ಲಿ ಹಗ್ಗ ಅಥವಾ ಬೆಲ್ಟ್ ಕಟ್ಟಿಯೇ ಕರ್ಕೊಂಡು ಹೋಗೋದು. ತಾರಸಿಗೆ ಯಾವ ಹೊತ್ತಲ್ಲಿ ಬಿಡಬಹುದು, ಹಪ್ಪಳ ಹಾಕಿದ ದಿನ ಬಿಡೋ ಹಾಗಿಲ್ಲ. ಗಲೀಜು ಮಾಡಿದ್ರೆ ಸಾಕಿದವರೇ ತೆಗೀಬೇಕು. ಇವೆಲ್ಲ ಚಿಕ್ಕ ವಿಷಯ ಅನ್ಸುತ್ತೆ, ಜಗಳ ಶುರುವಾಗೋದು ಮಾತ್ರ ಇವುಗಳಿಂದಲೇ.

ನಾಲ್ಕನೇದು, ದುಡ್ಡು. ನಾಯಿಗೆ ಅಂತ ಬೇರೆ ಡೆಪಾಸಿಟ್ ಕೊಡೋದು ನನ್ನ ಪ್ರಕಾರ ನ್ಯಾಯ, ಆದರೆ ಅದು ವಾಪಸ್ ಬರೋ ದುಡ್ಡು ಅಂತ ಬರೆದಿರಬೇಕು. ಉದಾಹರಣೆಗೆ ಬಾಡಿಗೆ 8,000 ಇದ್ರೆ ಒಂದು ತಿಂಗಳದ್ದು, ಅಂದ್ರೆ 8,000, ನಾಯಿ ಡೆಪಾಸಿಟ್. ಖಾಲಿ ಮಾಡೋವಾಗ ಬಾಗಿಲಿಗೆ ಪಾಲಿಶ್ 1,500, ಸೊಳ್ಳೆ ಪರದೆ ಬದಲಾಯಿಸಿದ್ದು 900 ಅಂತ ಬಿಲ್ ತೋರಿಸಿದ್ರೆ 2,400 ಕಳೆದು 5,600 ವಾಪಸ್. ಬಿಲ್ ಇಲ್ಲ ಅಂದ್ರೆ ಕಳೆಯೋ ಹಾಗಿಲ್ಲ. ಇದನ್ನ ದೊಡ್ಡ ಅಡ್ವಾನ್ಸ್ ಜೊತೆ ಕಲಸಬೇಡಿ. ಕಲಸಿದ್ರೆ ಕೊನೆಗೆ ಎಲ್ಲಾ ಖರ್ಚೂ ನಾಯಿ ತಲೆ ಮೇಲೆ ಬರುತ್ತೆ.

ಐದನೇದು, ಕಚ್ಚೋದು. ನಾಯಿ ಯಾರಿಗಾದ್ರೂ ಕಚ್ಚಿದ್ರೆ ಚಿಕಿತ್ಸೆ ಖರ್ಚು, ಜವಾಬ್ದಾರಿ ಸಾಕಿದವರದ್ದು ಅಂತ ನೇರವಾಗಿ ಬರೀರಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಕೂಡ, ತನ್ನ ಹತ್ತಿರ ಇರೋ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡ್ಕೊಳ್ಳದೆ ಅಲಕ್ಷ್ಯ ಮಾಡಿದ್ರೆ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓನರ್ ಮನೆ ನೋಡೋಕೆ ಬರೋದಾದ್ರೆ, ಪ್ಲಂಬರ್ ಕಳಿಸೋದಾದ್ರೆ ಮೊದಲೇ ಫೋನ್ ಮಾಡಬೇಕು ಅನ್ನೋ ಸಾಲೂ ಇರಲಿ, ನಾಯಿನ ಕಟ್ಟಿಹಾಕೋಕೆ ಟೈಮ್ ಬೇಕಲ್ಲ.

ಆರನೇದು ನನಗೆ ಎಲ್ಲಕ್ಕಿಂತ ಮುಖ್ಯ. ತಕರಾರು ಬಂದ್ರೆ ಏನು ಮಾಡೋದು. ಮೊದಲ ಸಲ ಮಾತು, ಎರಡನೇ ಸಲ ವಾಟ್ಸಾಪಲ್ಲಿ ಬರವಣಿಗೆ, ಆಮೇಲೂ ಸರಿಹೋಗದಿದ್ರೆ ಮನೆ ಖಾಲಿ ಮಾಡೋಕೆ ಅಥವಾ ನಾಯಿಗೆ ಬೇರೆ ಮನೆ ಹುಡುಕೋಕೆ 60 ದಿನ. ಈ 60 ಯಾವ ಕಾಯ್ದೆಯಲ್ಲೂ ಇಲ್ಲ, ನೀವಿಬ್ಬರೂ ಒಪ್ಕೊಂಡು ಬರೆಯೋದು. 45 ಆದರೂ ಸರಿ. ಆದರೆ ಒಂದು ವಾರ ಆಗಬಾರದು. ಒಂದು ವಾರ ಅಂದ್ರೆ ನಾಯಿ ಹೋಗೋದು ರಸ್ತೆಗೇ. ಎರಡು ತಿಂಗಳು ಸಿಕ್ಕಿದ್ರೆ ಊರಲ್ಲಿರೋ ಅಕ್ಕನನ್ನೋ ಮಾವನನ್ನೋ ಕೇಳಬಹುದು, ಬೇರೆ ಮನೆ ಹುಡುಕಬಹುದು.

ಕೊನೇದು, ಬರವಣಿಗೆ ಅಲ್ಲ, ಮೊಬೈಲ್ ಕೆಲಸ. ಮನೆ ಕೀ ತಗೊಂಡ ದಿನವೇ ಬಾಗಿಲು, ಗೋಡೆ, ನೆಲ, ಕಿಟಕಿ ಪರದೆ ಎಲ್ಲಾ ವಿಡಿಯೋ ಮಾಡಿ ಓನರ್‌ಗೆ ಕಳಿಸಿ. ಮೊದಲಿಂದ ಇದ್ದ ಗೀರು ಯಾವುದು, ನಿಮ್ಮ ನಾಯಿ ಮಾಡಿದ್ದು ಯಾವುದು ಅಂತ 11 ತಿಂಗಳ ಮೇಲೆ ನೆನಪಲ್ಲಿ ಇರಲ್ಲ. ವಿಡಿಯೋದಲ್ಲಿ ಇರುತ್ತೆ.

ಕೇಳೋದು ಹೇಗೆ

ಹಾಳೆ ಆಯ್ತು, ಆದರೆ ಮಾತು ತೆಗೆಯೋದು ಹೇಗೆ ಅಂತ ಕೇಳ್ತೀರಾ. ಅಡ್ವಾನ್ಸ್ ಕೊಡೋಕೆ ಮುಂಚೆ ಹೇಳಿ. ಕೊಟ್ಟ ಮೇಲೆ ಹೇಳಿದ್ರೆ ಮೋಸ ಮಾಡಿದ ಹಾಗೆ ಕಾಣುತ್ತೆ. "ಅಣ್ಣ, ನಮ್ಮ ಹತ್ರ ಒಂದು ನಾಯಿ ಇದೆ, ಇಂಜೆಕ್ಷನ್ ಎಲ್ಲಾ ಆಗಿದೆ, ಒಂದ್ಸಲ ಕರ್ಕೊಂಡು ಬರ್ತೀನಿ ನೋಡಿ" ಅನ್ನಿ. ಹಿಂದಿನ ಮನೆ ಓನರ್ ನಂಬರ್ ಕೊಡಿ. ಹತ್ತು ಕಡೆ ಬೇಡ ಅಂತಾರೆ, ಅದು ನಿಜ. ಆದರೆ ಹನ್ನೊಂದನೇ ಕಡೆ ಸಿಕ್ಕ ಮನೆಯಲ್ಲಿ ನಾಯಿ ಬೊಗಳಿದಾಗಲೆಲ್ಲ ನಿಮ್ಮ ಎದೆ ಹೊಡ್ಕೊಳ್ಳಲ್ಲ. ಈಗಾಗಲೇ ಮುಚ್ಚಿಟ್ಟು ಇದ್ದೀರಾ ಅಂದ್ರೆ ಓನರ್ ಕಣ್ಣಿಗೆ ಬೀಳೋಕೆ ಮುಂಚೆ ನೀವೇ ಹೋಗಿ ಹೇಳಿ, ಲಸಿಕೆ ಕಾರ್ಡು ಮತ್ತು ಈ ಹಾಳೆ ಕೈಯಲ್ಲಿ ಹಿಡ್ಕೊಂಡು ಹೋಗಿ.

ಓನರ್‌ಗಳೇ, ನಿಮಗೂ ಲೆಕ್ಕ ಇದೆ. 'ಬೇಡ' ಅಂತ ಬೋರ್ಡ್ ಹಾಕಿದ್ರೆ ನಾಯಿ ಬರಲ್ಲ ಅಂತ ಅಲ್ಲ, ಮುಚ್ಚಿಟ್ಟು ತರೋರು ಬರ್ತಾರೆ. ಅವರ ನಾಯಿಗೆ ಡೆಪಾಸಿಟ್ ಇಲ್ಲ, ಲಸಿಕೆ ಕಾರ್ಡ್ ಇಲ್ಲ, ಜವಾಬ್ದಾರಿ ಇಲ್ಲ. ಇದೆ ಅಂತ ಹೇಳಿ ಬಂದವರ ನಾಯಿಗೆ ಇವೆಲ್ಲಾ ಇದೆ. ಜೊತೆಗೆ ನಾಯಿ ಇರೋರು ಮನೆ ಸುಲಭಕ್ಕೆ ಬಿಟ್ಟು ಹೋಗಲ್ಲ, ಇನ್ನೊಂದು ಸಿಗೋದು ಕಷ್ಟ ಅಂತ ಅವರಿಗೆ ಗೊತ್ತು. ಎರಡು ತಿಂಗಳು ಮನೆ ಖಾಲಿ ಬಿದ್ರೆ ಹೋಗೋ ಬಾಡಿಗೆ, ಒಂದು ಬಾಗಿಲ ಪಾಲಿಶ್‌ಗಿಂತ ಜಾಸ್ತಿ.

ನಮ್ಮ ದೊಡ್ಡಪ್ಪ ಪೂರ್ತಿ ಬದಲಾದ್ರು ಅಂತ ಹೇಳಲ್ಲ. ಮಹಡಿ ಮನೆಗಳಿಗೆ ಈಗಲೂ ನಾಯಿ ಬೇಡವೇ. ಕೆಳಗಿನ ಎರಡು ಮನೆಗೆ, ಈ ಹಾಳೆಗೆ ಸಹಿ ಹಾಕೋರಿಗೆ, ಆಗಬಹುದು ಅಂತ ಒಪ್ಪಿದ್ದಾರೆ. ಆ ಹಾಳೆ ಟೈಪ್ ಮಾಡೋವಾಗ 60 ದಿನದ ಸಾಲು ಓದಿ, "ಇದು ಜಾಸ್ತಿ ಆಯ್ತು" ಅಂದರು. ಆಮೇಲೆ ಅವರೇ "ಇರಲಿ ಬಿಡು" ಅಂದರು. ಆ ಬಿಳಿ ನಾಯಿ ಈಗ ಅವರ ತೋಟದ ಮನೆ ಜಗಲಿಯಲ್ಲೇ ಮಲಗುತ್ತೆ. ಬೈಕ್ ಸದ್ದಿಗೆ ಇನ್ನೂ ಎದ್ದು ನಿಲ್ಲುತ್ತೆ.

ಈ ಹಾಳೆಯ ಮಾದರಿಯನ್ನ ಕನ್ನಡದಲ್ಲೇ ಟೈಪ್ ಮಾಡಿಟ್ಟಿದ್ದೀನಿ, ಮೆಸೇಜ್ ಮಾಡಿದವರಿಗೆ ಕಳಿಸ್ತೀನಿ. ಸಹಿ ಹಾಕೋ ಮುಂಚೆ ನಿಮ್ಮೂರಿನ ಒಬ್ಬ ವಕೀಲರಿಗೋ ಪತ್ರಬರಹಗಾರರಿಗೋ ತೋರಿಸಿ. ನೀವು ಓನರ್ ಆಗಿದ್ದು, ನಾಯಿ ಇರೋರಿಗೆ ಮನೆ ಕೊಟ್ಟಿದ್ರೆ ಹೇಗಾಯ್ತು ಅಂತ ವಾಯ್ಸ್ ನೋಟ್ ಕಳಿಸಿ. ಒಳ್ಳೇದಾಗಿದ್ರೂ ಕಳಿಸಿ, ಕೆಟ್ಟದಾಗಿದ್ರೂ ಕಳಿಸಿ, ಎರಡನ್ನೂ ಮುಂದಿನ ಎಪಿಸೋಡಲ್ಲಿ ಕೇಳಿಸ್ತೀನಿ.